ಮುಖ ನೋಡಿ ಕೇಳುವ ಮಾತು

ಮಗ್ಗಗಳು ಓಡುತ್ತಿರುವ ಕಡೆ ಬಾಯಿಮಾತು ನಡೆಯುವುದಿಲ್ಲ. ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಲಾಳಿಯ ಹೊಡೆತ ಅದನ್ನು ಅರ್ಧಕ್ಕೇ ನುಂಗಿಬಿಡುತ್ತದೆ. ಹಾಗಾಗಿ ಆ ಮಗ್ಗದ ಮನೆಯಲ್ಲಿ ಎಲ್ಲರೂ ಕೈಯಲ್ಲೇ ಮಾತಾಡುತ್ತಿದ್ದರು. ಹೆಬ್ಬೆರಳಿಗೆ ತೋರುಬೆರಳು ಸೇರಿಸಿ ತಿರುವಿದರೆ ಎಳೆ ಕಿತ್ತಿದೆ ಎಂದು. ಕಿರುಬೆರಳು ಎತ್ತಿದರೆ ಲಾಳಿಯೊಳಗೆ ನೂಲು ಮುಗಿದಿದೆ ಎಂದು. ಬೆರಳೆಲ್ಲ ಕೂಡಿಸಿ ಬಾಯಿಯ ಹತ್ತಿರ ತಂದರೆ ಊಟ. ಮುಷ್ಟಿ ಕಟ್ಟಿ ಎದೆಗೊತ್ತಿಕೊಂಡರೆ, ಮಗ್ಗ ನಿಲ್ಲಿಸು. ಆ ಮುಷ್ಟಿ ಕಂಡಾಗ ಯಾಕೆ ಏನು ಅಂತ ಕೇಳುವ ಹಾಗಿಲ್ಲ, ಮೊದಲು ನಿಲ್ಲಿಸಬೇಕು, ಆಮೇಲೆ ತಿರುಗಿ ನೋಡಬೇಕು. ಬೆರಳು, ಸೆರಗು, ಜಡೆ ಏನು ಬೇಕಾದರೂ ಸಿಕ್ಕಿಕೊಳ್ಳುವ ಜಾಗ ಅದು. ಇನ್ನು ಅಂಗೈ ಕೆಳಮುಖ ಮಾಡಿ ಗಾಳಿಯನ್ನು ಮೆಲ್ಲಗೆ ಅದುಮಿದರೆ 'ಆಮೇಲೆ' ಎಂದರ್ಥ.

ಈ ಕೊನೆಯದನ್ನು ಎಲ್ಲರಿಗಿಂತ ಹೆಚ್ಚು ಬಳಸುತ್ತಿದ್ದವಳು ಯಜಮಾನಿ.

ಯಜಮಾನಿ ಎಂದರೆ ಕುರ್ಚಿ ಹಾಕಿಕೊಂಡು ಕೂತವಳಲ್ಲ. ಮಾವ ಬಿಟ್ಟುಹೋದ ಮಗ್ಗಗಳನ್ನು ಅವಳೇ ಮುಂದೆ ನಿಂತು ಓಡಿಸುತ್ತಿದ್ದಳು. ಅದರಲ್ಲೊಂದಕ್ಕೆ ತಾನೇ ಆಳು. ಅದರ ಮುಂದೆ ನಿಂತುಕೊಂಡೇ ಬಟ್ಟೆ ಕೊಳ್ಳುವವರಿಗೆ ಫೋನಿನಲ್ಲಿ ಸಂದೇಶ ಬರೆಯುವಳು, ನೂಲಿನ ಲಾರಿಯವನಿಗೆ ದಾರಿ ಹೇಳುವಳು, ಮಧ್ಯದ ಬಾಗಿಲು ದಾಟಿ ಮನೆಯೊಳಗೆ ಓಡಿ ಕುಕ್ಕರ್ ಇಟ್ಟು, ಮಗಳ ಶಾಲೆಯ ಬಟ್ಟೆಗೆ ಇಸ್ತ್ರಿ ತಿಕ್ಕಿ, ಒಂದು ಎಳೆ ಕೀಳುವುದರೊಳಗೆ ಮತ್ತೆ ಮಗ್ಗದ ಮುಂದೆ ನಿಂತಿರುವಳು. ಎಡ ಭುಜ ಮೇಲೇರಿ ಕಿವಿಯ ಹತ್ತಿರವೇ ಉಳಿದುಬಿಟ್ಟಿತ್ತು. ವೈದ್ಯರು ದಿನಾ ಬೆಳಿಗ್ಗೆ ಸ್ವಲ್ಪ ನಡೆಯಿರಿ ಎಂದಿದ್ದರು. ಅವಳು ಮಗ್ಗಗಳ ಸುತ್ತಲೇ ನಡೆದು, "ನಡೆದೆ" ಅಂದುಕೊಳ್ಳುತ್ತಿದ್ದಳು. ನಿದ್ದೆಯಲ್ಲೂ ಅವಳ ತಲೆಯೊಳಗೆ ಮಗ್ಗ ಓಡುತ್ತಿತ್ತು. ಕರೆಂಟು ಹೋಗಿ ಸದ್ದು ನಿಂತರೆ ಬೇರೆಯವರು ನೆಮ್ಮದಿಯಾಗಿ ಮಲಗುತ್ತಿದ್ದರು, ಇವಳು ಬೆಚ್ಚಿ ಎದ್ದು ಕೂರುತ್ತಿದ್ದಳು.

ಅವಳ ಗಂಡನಿಗೆ ಮಗ್ಗದವರು ಇಟ್ಟ ಹೆಸರು ರೇಡಿಯೋ. ಮಗ್ಗ ರಿಪೇರಿ ಅವನ ಕೆಲಸ. ಸ್ಪ್ಯಾನರ್ ಹಿಡಿದು ಮಗ್ಗದ ಕೆಳಗೆ ಅಂಗಾತ ಮಲಗಿಕೊಂಡೂ ಅವನು ಮಾತಾಡುತ್ತಿದ್ದ. ಯಾರಿಗೂ ಕೇಳಿಸದೆ ಇದ್ದರೂ ಮಾತಾಡುತ್ತಿದ್ದ. ಕಥೆ, ಚೇಷ್ಟೆ, ಯಾರದೋ ಮದುವೆಯಲ್ಲಿ ಯಾರೋ ಜಾರಿ ಬಿದ್ದದ್ದು, ದೇವರ ಮೇಲೆ ದೂರು, ಮತ್ತೆ ಆ ದೂರಿಗೆ ದೇವರ ಪರವಾಗಿ ತಾನೇ ಸಮಾಧಾನ. ಒಂದು ಒಳ್ಳೆಯ ಮಾತು ನೆನಪಾದರೆ ತಡೆದುಕೊಳ್ಳಲು ಬಾರದು. ಓಡುವ ಮಗ್ಗದ ಎದುರು ಬಂದು ಮುಷ್ಟಿ ಎದೆಗೊತ್ತಿ ನಿಲ್ಲುವನು. ಅವಳು ಹೌಹಾರಿ ಮಗ್ಗ ನಿಲ್ಲಿಸಿದರೆ, "ಏನಿಲ್ಲ, ಆ ಲಾರಿಯವನು ಇವತ್ತು ಏನಂದ ಗೊತ್ತಾ?" ಅನ್ನುವನು.

"ರೀ, ಅದನ್ನ ಆಟಕ್ಕೆಲ್ಲ ಮಾಡ್ಬೇಡಿ ಅಂತ ಎಷ್ಟು ಸಲ ಹೇಳ್ಲಿ? ಒಂದಿನ ನಿಜವಾಗ್ಲೂ ಏನಾದ್ರೂ ಆದಾಗ ಯಾರೂ ನಂಬಲ್ಲ."

"ಬೇರೆ ಹೇಗೆ ನಿಲ್ಸೋದು ಮಾರಾಯ್ತಿ ನಿನ್ನ? ನಿಂಗೊಂದು ಸ್ವಿಚ್ಚಾದ್ರೂ ಇಟ್ಟಿದ್ದಾನಾ ದೇವ್ರು?"

ಎಲ್ಲರೂ ನಗುತ್ತಿದ್ದರು. ಅವಳೂ ನಕ್ಕು, ಅಂಗೈ ಕೆಳಮುಖ ಮಾಡಿ ಗಾಳಿ ಅದುಮಿ, ಮತ್ತೆ ಮಗ್ಗ ಓಡಿಸುತ್ತಿದ್ದಳು. ಹೀಗೆ ವರ್ಷಗಳು ನೇಯ್ದುಕೊಂಡು ಹೋದವು.

ಆ ವರ್ಷ ಅವನ ದನಿ ಒಡೆಯಿತು. ಮೊದಲು ಶೀತ ಅಂದರು, ನೂಲಿನ ಧೂಳು ಅಂದರು. ರೇಡಿಯೋಗೆ ಸ್ಟೇಷನ್ ಸರಿಯಾಗಿ ಸಿಗ್ತಿಲ್ಲ ಅಂತ ಮಗ್ಗದವರು ಗೇಲಿ ಮಾಡಿದರು. ಕೊನೆಗೆ ದೊಡ್ಡ ಆಸ್ಪತ್ರೆಗೆ ಹೋದಾಗ ಅಲ್ಲಿಯ ವೈದ್ಯೆ ಪರೀಕ್ಷೆಗಳನ್ನೆಲ್ಲ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಗಂಟಲಲ್ಲಿ ಗಡ್ಡೆ ಇದೆ. ಒಳ್ಳೆ ಜಾತಿದಲ್ಲ. ಜೀವ ಉಳೀಬೇಕು ಅಂದ್ರೆ ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕಾಗುತ್ತೆ."

"ತೆಗೆದ್ಮೇಲೆ?" ಅಂದಳು ಯಜಮಾನಿ.

"ಕತ್ತಲ್ಲಿ ಒಂದು ತೂತು ಇರುತ್ತೆ, ಉಸಿರಾಟ ಅದರಲ್ಲೇ. ಊಟ ಮಾಡಬಹುದು, ಓಡಾಡಬಹುದು. ದನಿ ಮಾತ್ರ ಬರಲ್ಲ."

ಅವನು ಹೆಂಡತಿಯ ಕಡೆ ನೋಡಿದ, ವೈದ್ಯೆಯ ಕಡೆ ನೋಡಿದ, ತನ್ನ ಹರಿದ ದನಿಯಲ್ಲೇ ಕೇಳಿದ:

"ಡಾಕ್ಟ್ರಮ್ಮಾ, ನಿಜ ಹೇಳಿ. ಇವಳೇನಾದ್ರೂ ಬಂದು ನಿಮ್ಮ ಕೈಬಿಸಿ ಮಾಡಿ ಹೋಗಿದ್ದಾಳಾ?"

ವೈದ್ಯೆ ನಗಲೂ ಆಗದೆ ಸುಮ್ಮನಿರಲೂ ಆಗದೆ ಕನ್ನಡಕ ಮತ್ತೆ ಹಾಕಿಕೊಂಡರು. ಎರಡು ವಾರ ಬಿಟ್ಟು ಆಪರೇಷನ್ನಿಗೆ ದಿನ ಕೊಟ್ಟರು. ಹೊರಡುವಾಗ ಯಜಮಾನಿಯೊಬ್ಬಳನ್ನೇ ಬಾಗಿಲ ಹತ್ತಿರ ನಿಲ್ಲಿಸಿಕೊಂಡು, "ಮನೇಲಿ ಏನಾದ್ರೂ ಮಾತಾಡೋದಿದ್ರೆ ಈಗ್ಲೇ ಮಾತಾಡ್ಕೊಳ್ಳಿ" ಎಂದರು.

ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಇಷ್ಟು ವರ್ಷ ಈ ಮನುಷ್ಯ ಆಡಿದ್ದರಲ್ಲಿ ತಾನು ಕೇಳಿಸಿಕೊಂಡದ್ದೆಷ್ಟು? ಅಡುಗೆಮನೆಗೂ ಮಗ್ಗಕ್ಕೂ ಓಡುವ ದಾರಿಯಲ್ಲಿ ಅರ್ಧ ಮಾತು, ಕಾಲು ಮಾತು. ಒಂದು ಕಥೆಯ ತಲೆ, ಇನ್ನೊಂದರ ಬಾಲ. ಈಗ ಒಂದು ಸಲವಾದರೂ ಅವನೆದುರು ಪೂರ್ತಿ ಕೂತು, ಆ ದನಿ ಹೋಗುವ ಮೊದಲು ಕೇಳಿಸಿಕೊಳ್ಳಬೇಕು ಎಂದು ಅವಳು ದೇವರ ಮುಂದೆ ನಿಂತು ಅಂದುಕೊಂಡಳು. ನಿಜವಾಗಿಯೂ ಅಂದುಕೊಂಡಳು. ಅದರಲ್ಲಿ ಸುಳ್ಳಿರಲಿಲ್ಲ.

ಆದರೆ ಆಗಲೇ ಒಂದು ಹಾಸ್ಟೆಲಿನವರ ಹಾಸಿಗೆ ಬಟ್ಟೆ ಮಗ್ಗ ಏರಿತ್ತು. ಸೋಮವಾರಕ್ಕೆ ಕೊಡಬೇಕು. ಅವಳು ಮನಸ್ಸಿನಲ್ಲೇ ಹಂಚಿಕೆ ಹಾಕಿದಳು. ಶನಿವಾರ ಸಂಜೆಯೊಳಗೆ ಎಲ್ಲ ಮುಗಿಸಿಬಿಟ್ಟರೆ ಭಾನುವಾರ ಇಡೀ ದಿನ ಖಾಲಿ. ಎಲ್ಲ ಮಗ್ಗ ನಿಲ್ಲಿಸಿ, ಫೋನು ಮಗಳ ಕೈಗೆ ಕೊಟ್ಟು, ಅವನೆದುರು ಕೂರುವುದು.

"ಭಾನುವಾರ ಪೂರ್ತಿ ನಿಮ್ದೇ ರೀ. ಬೆಳಿಗ್ಗೆಯಿಂದ ಸಾಯಂಕಾಲದವರೆಗೂ ಏನ್ ಹೇಳ್ತೀರೋ ಹೇಳಿ. ಅಲ್ಲಾಡದೆ ಕೂತ್ಕೊಂಡು ಕೇಳ್ತೀನಿ."

"ಅಷ್ಟೊಂದೆಲ್ಲ ಎಲ್ಲಿದೆ ನನ್ಹತ್ರ? ಹೇಳ್ಬೇಕು ಅಂದ್ಕೊಂಡಿದ್ದು ಒಂದೇ ಒಂದು. ಈಗ್ಲೇ ಹೇಳ್ಬಿಡ್ಲಾ?"

"ಬೇಡ ಬೇಡ. ಈಗ ನನ್ನ ಅರ್ಧ ಮನಸ್ಸು ಅಲ್ಲಿದೆ. ಅರ್ಧಂಬರ್ಧ ಕೇಳೋದು ಸಾಕಾಗಿದೆ. ಭಾನುವಾರ."

"ಸರಿ ಮಹಾರಾಣಿ. ಭಾನುವಾರ ದರ್ಬಾರು."

ಹಾಗೆ ಆ ಒಂದು ದಿನವನ್ನು ಖಾಲಿ ಮಾಡುವುದಕ್ಕಾಗಿ ಅವಳು ಉಳಿದ ದಿನಗಳನ್ನೆಲ್ಲ ತುಂಬಿಸಿಬಿಟ್ಟಳು. ಊಟ ನಿಂತುಕೊಂಡೇ ಆಯಿತು. ಮಗಳು ಏನಾದರೂ ಕೇಳಿದರೆ ಕೈಸನ್ನೆಯಲ್ಲೇ ಉತ್ತರ. ನಾವೆಲ್ಲ ಹೀಗೇ ಅಲ್ಲವೇ? ಬಟ್ಟೆಯನ್ನು ಮಡಿಚಿ ಬೀರುವಿನಲ್ಲಿ ಇಟ್ಟಂತೆ ಹೊತ್ತನ್ನೂ ಕೂಡಿಡಬಹುದು, ಬೇಕಾದಾಗ ಬಿಚ್ಚಿ ಹಾಸಿಕೊಳ್ಳಬಹುದು ಅಂದುಕೊಳ್ಳುತ್ತೇವೆ. ಹೊತ್ತನ್ನು ಮಾಡಿದವನು ಅದಕ್ಕೆ ಮಡಿಕೆ ಇಟ್ಟಿಲ್ಲ.

ಶನಿವಾರ ಮಧ್ಯಾಹ್ನ ಅವನು ಮಗ್ಗದ ಮನೆಗೆ ಬಂದ. ಮೈಮೇಲೆ ಶಾಲು. ಅವಳ ಮಗ್ಗದ ಪಕ್ಕ ನಿಂತು ತನ್ನ ಬಾಯಿ ತೋರಿಸಿದ, ಅವಳ ಕಡೆ ಬೆರಳು ಮಾಡಿದ. 'ನಿನ್ನ ಹತ್ತಿರ ಮಾತಾಡಬೇಕು' ಅನ್ನುವುದಕ್ಕೆ ಆ ಮನೆಯಲ್ಲಿ ಸನ್ನೆಯೇ ಇರಲಿಲ್ಲ. ಅವನು ಆಗಷ್ಟೇ ಕಟ್ಟಿದ ಸನ್ನೆ ನೋಡಿ ಆಚೆ ಮಗ್ಗದವಳು ನಕ್ಕಳು. ಯಜಮಾನಿ ಬಟ್ಟೆಯಿಂದ ಕಣ್ಣೆತ್ತಲಿಲ್ಲ. ಕಣ್ಣಂಚಿನಲ್ಲೇ ಅವನ ಕೈ ಕಂಡಿತು. ಅಂಗೈ ಕೆಳಮುಖ ಮಾಡಿ ಗಾಳಿ ಅದುಮಿದಳು.

ಅವನು ಮುಷ್ಟಿ ಕಟ್ಟಿ ಎದೆಗೊತ್ತಿಕೊಂಡ.

ಅವಳಿಗೆ ನಗು ಬಂತು. ಇಷ್ಟು ಕಾಯಿಲೆಯಲ್ಲೂ ಈ ಮನುಷ್ಯನ ಆಟ ಬಿಡಲಿಲ್ಲವಲ್ಲ ಅನ್ನಿಸಿ ಒಂದು ಬಗೆಯ ಸಮಾಧಾನವೂ ಆಯಿತು. ಮಗ್ಗ ನಿಲ್ಲಿಸಲಿಲ್ಲ. ಇನ್ನು ಸ್ವಲ್ಪವೇ ಉಳಿದಿತ್ತು. ಹೊಸದಾಗಿ ಮಗ್ಗಕ್ಕೆ ಸೇರಿದವರೂ ಮಾಡದ ತಪ್ಪನ್ನು ಆ ಮನೆಯ ಯಜಮಾನಿ ಮಾಡಿದಳು: ಮುಷ್ಟಿ ಕಂಡೂ ಮಗ್ಗ ಓಡಿಸಿದಳು. ಮತ್ತೊಮ್ಮೆ ಅಂಗೈ ಅದುಮಿ, ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಅಂಕಿಯ ಕಡೆ ಗದ್ದ ಎತ್ತಿ ತೋರಿಸಿದಳು. ನಾಳೆ. ಅವನು ನೂಲಿನ ಮೂಟೆಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದ. ಆಮೇಲೆ ಯಾವಾಗಲೋ ಎದ್ದು ಹೋದ.

ಸಂಜೆ, ಕೊನೆಯ ಗಜ ಇಳಿಯುವ ಹೊತ್ತಿಗೆ, ಮಗಳು ಮಧ್ಯದ ಬಾಗಿಲಲ್ಲಿ ಬಂದು ನಿಂತಳು. ಎರಡೂ ಕೈಯ ಮುಷ್ಟಿ ಎದೆಗೊತ್ತಿಕೊಂಡಿದ್ದಳು. ಮಗ್ಗಗಳೆಲ್ಲ ಒಟ್ಟಿಗೇ ನಿಂತವು.

ಒಳಗೆ ಅವನ ಉಸಿರು ಸೀಟಿ ಹೊಡೆಯುತ್ತಿತ್ತು. ಆಸ್ಪತ್ರೆಯ ಗಾಡಿಯಲ್ಲಿ ಅವಳ ಕೈ ಹಿಡಿದು ಏನೋ ಹೇಳಲು ನೋಡಿದ. ಸೀಟಿಯೇ ಬಂತು, ಮಾತು ಬರಲಿಲ್ಲ. "ಸುಮ್ನಿರಿ, ಸುಮ್ನಿರಿ, ಆಮೇಲೆ ಹೇಳಿ" ಎಂದಳು. ಅಂದಮೇಲೆ ತನ್ನ ನಾಲಿಗೆಯನ್ನೇ ಕಚ್ಚಿಕೊಂಡಳು. ಗಡ್ಡೆ ಉಸಿರಿನ ದಾರಿಗೇ ಅಡ್ಡ ಬಂದಿದೆ ಅಂದರು. ತಕ್ಷಣ ಕತ್ತಿನಲ್ಲಿ ತೂತು ಮಾಡಿ ಉಸಿರು ಬಿಡಿಸಿದರು. ಇನ್ನು ಕಾಯುವ ಹಾಗಿಲ್ಲವೆಂದು ದೊಡ್ಡ ಆಪರೇಷನ್ನನ್ನೂ ಹಿಂದೆಯೇ ಮಾಡಿ ಮುಗಿಸಿದರು. ಭಾನುವಾರ ಮಗ್ಗಗಳು ನಿಂತೇ ಇದ್ದವು. ಅವಳು ಅವನೆದುರು ಅಲ್ಲಾಡದೆ ಕೂತೇ ಇದ್ದಳು.

ಮನೆಗೆ ಬಂದಮೇಲೆ ಅವನಿಗೆ ಉಳಿದದ್ದು ಮಗ್ಗದ ಸನ್ನೆಗಳು. ಊಟ, ನೀರು, ಸಾಕು, ಬೇಗ, ನಿಲ್ಲಿಸು, ಆಮೇಲೆ. ಆಗ ಅವಳಿಗೆ ಗೊತ್ತಾಯಿತು, ಇಷ್ಟು ವರ್ಷ ತಾವು ಕಟ್ಟಿಕೊಂಡ ಭಾಷೆಯಲ್ಲಿ ಕೆಲಸದ ಮಾತು ಬಿಟ್ಟರೆ ಏನೂ ಇರಲಿಲ್ಲವೆಂದು. ಎಳೆ ಕಿತ್ತಿದೆ ಅನ್ನಬಹುದಿತ್ತು, ಮನಸ್ಸು ಕಿತ್ತಿದೆ ಅನ್ನಲು ಬರುತ್ತಿರಲಿಲ್ಲ. ಇಬ್ಬರೂ ಊಟದ ಮುಂದೆ ಎದುರುಬದುರು ಕೂತು ಒಬ್ಬರಿಗೊಬ್ಬರು ಬೇಗ, ಸಾಕು, ನೀರು ಅಂದುಕೊಂಡು ಎದ್ದು ಹೋಗುತ್ತಿದ್ದರು.

ಆಸ್ಪತ್ರೆಯವರು ಒಂದು ಸಾಧನ ಕೊಟ್ಟಿದ್ದರು. ಕತ್ತಿಗೆ ಒತ್ತಿಕೊಂಡು ತುಟಿ ಆಡಿಸಿದರೆ ಗರ್ರ್ ಎಂದು ಒಂದು ಯಂತ್ರದ ದನಿ ಬರುತ್ತದೆ. ಒಮ್ಮೆ ಒತ್ತಿಕೊಂಡು ನೋಡಿದ. ಮುಖ ಸಿಂಡರಿಸಿ, ಮಗ್ಗಗಳ ಕಡೆ ಕೈ ತೋರಿಸಿ, ಇರುವಷ್ಟೇ ಸಾಕು, ಇನ್ನೊಂದು ಬೇಡ ಅನ್ನುವಂತೆ ಕೈಯಾಡಿಸಿ, ಅದನ್ನು ಸ್ಪ್ಯಾನರುಗಳ ಜೊತೆ ಪೆಟ್ಟಿಗೆಗೆ ಹಾಕಿದ. ಮಗಳು ಸ್ಲೇಟು ತಂದುಕೊಟ್ಟಳು. ಅದರಲ್ಲಿ 'ಬಿಸಿ', 'ತಣ್ಣಗೆ', 'ಬಾಗಿಲು' ಅಂತ ಬರೆಯುತ್ತಿದ್ದ. ಬರವಣಿಗೆ ಅವನಿಗೆ ಎಂದೂ ಒಗ್ಗಿದ್ದಲ್ಲ. ಒಂದು ಕಥೆ ಬರೆಯಲು ಹೊರಟು, ಮೊದಲ ಸಾಲಿಗೇ ಸ್ಲೇಟು ತುಂಬಿ, ಒರೆಸಿ ಇಟ್ಟುಬಿಟ್ಟ.

ಅವಳಿಗೆ ಕೇಳದೆ ಇರಲಾಗಲಿಲ್ಲ. ಒಂದು ದಿನ ಕತ್ತಿನ ತೂತಿಗೆ ಮುಚ್ಚುವ ತೆಳು ಬಟ್ಟೆ ಬದಲಾಯಿಸುತ್ತಾ, "ರೀ, ಅವತ್ತು ಶನಿವಾರ ಏನು ಹೇಳ್ಬೇಕು ಅಂತ ಬಂದಿದ್ರಿ?" ಅಂದಳು.

ಅವನು ಬಾಯಿ ತೆರೆದು ಏನೋ ಅಂದ. ತುಟಿಗಳು ಮೊದಲಿನಂತೆಯೇ ಆಡಿದವು, ದನಿಯಿಲ್ಲ. ಅವಳಿಗೆ ಒಂದಕ್ಷರವೂ ತಿಳಿಯಲಿಲ್ಲ. ಸ್ಲೇಟು ಮುಂದಿಟ್ಟಳು. ಬಳಪ ಹಿಡಿದುಕೊಂಡು ಬಹಳ ಹೊತ್ತು ಕೂತ. ಏನೂ ಬರೆಯದೆ ಹಿಂದಕ್ಕೆ ಕೊಟ್ಟ.

ಆ ದಿನಗಳಲ್ಲೇ ಮಗ್ಗದ ಮನೆಯ ಮೂಲೆಯಿಂದ ನಗು ಕೇಳಿಸತೊಡಗಿತು. ಮಗ್ಗದ ಸದ್ದನ್ನೂ ಮೀರಿ ಬರುವಂಥ, ಹಲ್ಲಿಲ್ಲದ ಬಾಯಿಯ ನಗು.

ಅದು ಕಂಡಿಕೆಜ್ಜಿಯದು. ಲಾಳಿಯೊಳಗೆ ಕೂರುವ ಪುಟ್ಟ ನೂಲಿನ ಸುರುಳಿಗೆ ಕಂಡಿಕೆ ಅನ್ನುತ್ತಾರೆ. ಅದನ್ನು ಸುತ್ತಿ ಕೊಡುವುದೇ ಅವಳ ಕೆಲಸ, ಅದೇ ಅವಳ ಹೆಸರು. ಹರೆಯದಿಂದ ಮಗ್ಗಗಳ ನಡುವೆಯೇ ಕೂತು ಕೂತು ಅವಳ ಎರಡೂ ಕಿವಿ ಎಂದೋ ಹೋಗಿದ್ದವು. ಯಜಮಾನಿ ನೋಡಿದಳು. ಗಂಡ ಅಜ್ಜಿಯ ಎದುರು ಮೂಟೆಯ ಮೇಲೆ ಕೂತಿದ್ದಾನೆ. ಅವನ ತುಟಿ ಒಂದೇ ಸಮನೆ ಆಡುತ್ತಿದೆ, ಹುಬ್ಬು ಏರುತ್ತಿದೆ, ಕೈ ಗಾಳಿಯಲ್ಲಿ ಯಾರನ್ನೋ ಬೀಳಿಸುತ್ತಿದೆ. ಅಜ್ಜಿ ಕಂಡಿಕೆ ಕೈಬಿಟ್ಟು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ.

ರೇಡಿಯೋ ನಿಂತೇ ಇರಲಿಲ್ಲ. ಇವಳಿಗೆ ಮಾತ್ರ ಕೇಳಿಸುತ್ತಿರಲಿಲ್ಲ.

ದಿನವೂ ಹಾಗೇ. ಅವಳಿಗೆ ಹೊಟ್ಟೆಕಿಚ್ಚಾಯಿತು. ಅಜ್ಜಿಯ ಮೇಲೆ ಹೊಟ್ಟೆಕಿಚ್ಚು ಪಡುವ ತನ್ನನ್ನು ಕಂಡು ನಾಚಿಕೆಯೂ ಆಯಿತು. ಒಂದು ದಿನ ಊಟದ ಹೊತ್ತಿಗೆ, ಸದ್ದು ನಿಂತಾಗ, ಅಜ್ಜಿಯ ಎದುರು ಕುಕ್ಕರಗಾಲಲ್ಲಿ ಕೂತಳು.

"ಅಜ್ಜಿ, ಅವರು ಏನು ಹೇಳ್ತಾರೆ ನಿಂಗೆ?"

"ಎಲ್ಲಾ ಹೇಳ್ತಾನೆ. ಒಂದಾ ಎರಡಾ? ನಿನ್ನ ಮದುವೆ ದಿನ ನೀನು ಚಪ್ಪಲಿ ಅದಲುಬದಲು ಹಾಕ್ಕೊಂಡು ಬಂದಿದ್ದೂ ಹೇಳ್ದ."

"ನಿಂಗೆ ಹೇಗೆ ತಿಳಿಯುತ್ತೆ?"

"ಕಿವಿ ಇದ್ದೋರಿಗೆ ತಿಳಿಯಲ್ಲ ತಾಯಿ. ನಂಗೆ ಎಲ್ಲರ ಮಾತೂ ಹೀಗೇ ಅಲ್ವಾ? ಬಾಯಿ ನೋಡ್ತೀನಿ. ಬಾಯಿ ಅಂದ್ರೆ ಬಾಯಿ ಒಂದೇ ಅಲ್ಲ, ಇಡೀ ಮುಖ ನೋಡ್ಬೇಕು. ಆ ಕಡೆ ಈ ಕಡೆ ತಿರುಗಿದ್ರೆ ಹೋಯ್ತು, ಮಾತು ಬಿದ್ಹೋಗುತ್ತೆ."

"ನಾನೂ ನೋಡ್ತೀನಿ ಅಜ್ಜಿ, ಒಂದೂ ತಿಳಿಯಲ್ಲ."

ಅಜ್ಜಿ ಅವಳನ್ನು ಒಂದು ಗಳಿಗೆ ದಿಟ್ಟಿಸಿದಳು.

"ನೀನು ಅವನ ಕೈ ನೋಡ್ತೀಯ. ಮಗ್ಗದೋರೆಲ್ಲ ಹಾಗೇ. ಕೈಯಾದ್ರೆ ಬಟ್ಟೆ ನೋಡ್ಕೊಂಡೇ ಕಣ್ಣಂಚಲ್ಲಿ ಕಾಣುತ್ತೆ. ಮುಖ ಹಾಗೆ ಕಾಣಲ್ಲ. ಅದಕ್ಕೆ ಎದುರಿಗೆ ಕೂರ್ಬೇಕು. ನೀನು ಕೂತಿದ್ದು ಯಾವಾಗ?"

ಅಜ್ಜಿಯ ಮಾತಿನಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ, ಹಾಗಾಗಿಯೇ ಅದು ಆಳಕ್ಕೆ ಹೋಯಿತು. ಆದರೂ ಅವಳು ಆ ದಿನವೇ ಕೂತಳು ಎಂದು ಹೇಳಿದರೆ ಸುಳ್ಳಾಗುತ್ತದೆ. ಆಪರೇಷನ್ನಿನ ಖರ್ಚು ಮನೆಯ ಮೇಲೆ ಬಂದು ಕೂತಿತ್ತು, ಕೆಲಸ ಇನ್ನೂ ಹೆಚ್ಚು ಹಿಡಿದಿದ್ದಳು. ನಾಳೆ ಅಂದುಕೊಂಡಳು. ಮಗ್ಗಕ್ಕೆ ಏರಿಸಿದ ಈ ಹಾಸುನೂಲು ಮುಗಿಯಲಿ ಅಂದುಕೊಂಡಳು. ಅವನು ಅಜ್ಜಿಯ ಹತ್ತಿರ ಸಂತೋಷವಾಗಿದ್ದಾನಲ್ಲ ಅಂತಲೂ ಅಂದುಕೊಂಡಳು. ಮನುಷ್ಯರು ತಮ್ಮನ್ನು ತಾವು ನಂಬಿಸಿಕೊಳ್ಳುವ ಬಗೆ ದೇವರಿಗೇ ಆಶ್ಚರ್ಯ ಹುಟ್ಟಿಸಬೇಕು.

ಗಡ್ಡೆ ಮತ್ತೆ ಬಂತು. ಈ ಸಲ ಕತ್ತಿನ ಪಕ್ಕದಲ್ಲಿ, ಆಮೇಲೆ ಎದೆಯಲ್ಲಿ. ಅದೇ ವೈದ್ಯೆ ಈ ಸಲ ದಿನ ಕೊಡಲಿಲ್ಲ. "ಮನೇಲಿ ಚೆನ್ನಾಗಿ ನೋಡ್ಕೊಳ್ಳಿ" ಅಂದರು. ಆ ಮಾತಿನ ಅರ್ಥ ಎಲ್ಲ ಮನೆಯವರಿಗೂ ಗೊತ್ತಿರುತ್ತದೆ.

ಮಾರನೆಯ ದಿನ ಮಧ್ಯಾಹ್ನ, ಎಲ್ಲ ಮಗ್ಗಗಳೂ ಭರದಿಂದ ಓಡುತ್ತಿರುವಾಗ, ಯಜಮಾನಿ ನಡುವೆ ಬಂದು ನಿಂತು ಮುಷ್ಟಿ ಎದೆಗೊತ್ತಿಕೊಂಡಳು. ಮಗ್ಗಗಳು ನಿಂತವು. ಯಾರ ಸೆರಗು ಸಿಕ್ಕಿತೋ ಅಂತ ಎಲ್ಲರೂ ತಿರುಗಿ ನೋಡಿದರು.

"ಇನ್ಮೇಲೆ ಮಧ್ಯಾಹ್ನ ಊಟ ಆದ್ಮೇಲೆ ಒಂದು ಗಂಟೆ ಮಗ್ಗ ಓಡ್ಸೋದು ಬೇಡ" ಅಂದಳು. "ಮಲಗೋರು ಮಲಗಿ. ಮನೆಗೆ ಹೋಗಿ ಬರೋರು ಹೋಗಿ ಬನ್ನಿ."

"ಆರ್ಡರ್ ಗತಿ ಏನಕ್ಕಾ?" ಅಂದಳು ಆಚೆ ಮಗ್ಗದವಳು.

"ಅದರ ಗತಿ ಅದಕ್ಕೆ."

ಅವಳ ಬಾಯಿಂದ ಇಂಥ ಮಾತು ಬಂದದ್ದು ಕೇಳಿ ಎಲ್ಲರೂ ಮುಖ ಮುಖ ನೋಡಿಕೊಂಡರು. ಯಾರೂ ನಗಲಿಲ್ಲ.

ಅವನು ಆಗ ಹಾಸಿಗೆ ಹಿಡಿದಿದ್ದ. ಅವಳು ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು, ಬೆಳಕು ಅವನ ಮುಖದ ಮೇಲೆ ಬೀಳುವಂತೆ ಪರದೆ ಸರಿಸಿ, ಎದುರಿಗೆ ಕೂತಳು. ಆ ಮುಖವನ್ನು ಮದುವೆಯಾದ ಹೊಸತರಲ್ಲಿ ಹೀಗೆ ನೋಡಿದ್ದೇ ಕೊನೆ. ಮೂಗಿನ ಪಕ್ಕ ಒಂದು ಮಚ್ಚೆ ಇರುವುದನ್ನು ಹೊಸದಾಗಿ ಕಂಡಳು. ಅದು ಹೊಸದಲ್ಲ.

"ಹೇಳಿ" ಅಂದಳು.

ತುಟಿ ಆಡಿತು. ಅವಳು ತಲೆ ಅಲ್ಲಾಡಿಸಿದಳು, ತಿಳಿಯಲಿಲ್ಲ. ಮತ್ತೆ ಆಡಿತು. ಬಿಡಿಸಿ ಬಿಡಿಸಿ, ಮಗುವಿಗೆ ಅಕ್ಷರ ಕಲಿಸುವಂತೆ. ಆ ದಿನ ಅವಳಿಗೆ ಸಿಕ್ಕದ್ದು ಎರಡೇ ಮಾತು: ನೀರು, ಮತ್ತು ತನ್ನ ಹೆಸರು. ಅವನು ತನ್ನನ್ನು ಹೆಸರು ಹಿಡಿದು ಕರೆದು ಎಷ್ಟು ಕಾಲವಾಗಿತ್ತೋ, ಅಥವಾ ಕರೆದದ್ದು ತನಗೆ ಕೇಳಿಸದೆ ಎಷ್ಟು ಕಾಲವಾಗಿತ್ತೋ. ದಿನ ಕಳೆದಂತೆ ಹೆಚ್ಚು ಹೆಚ್ಚು ಸಿಕ್ಕತೊಡಗಿತು. ತುಟಿ ಮುಚ್ಚಿ ಬಿಡುವ ಅಕ್ಷರಗಳು ಸುಲಭ, ಗಂಟಲಲ್ಲಿ ಹುಟ್ಟುವವು ಕಾಣುವುದೇ ಇಲ್ಲ, ಅವನ್ನು ಕಣ್ಣಿನಿಂದ ಊಹಿಸಬೇಕು. ಒಂದು ಗಂಟೆ ಅಲ್ಲಾಡದೆ ನೋಡಿದರೆ ತಲೆ ನೋಯುತ್ತಿತ್ತು. ಆಶ್ಚರ್ಯವೆಂದರೆ ಆ ಗಂಟೆಯಲ್ಲಿ ಅವಳ ಎಡ ಭುಜ ತಾನಾಗಿ ಕೆಳಗಿಳಿದಿರುತ್ತಿತ್ತು. ಅದನ್ನು ಅವಳು ಗಮನಿಸಲಿಲ್ಲ, ಮಗಳು ಗಮನಿಸಿದಳು.

ಅಷ್ಟು ಕಲಿತ ಮೇಲೆ ಅವಳು ಮತ್ತೆ ಕೇಳಿದಳು.

"ಅವತ್ತು ಶನಿವಾರ. ನೀವು ಹೇಳ್ಬೇಕು ಅಂತ ಬಂದಿದ್ದು. ಈಗ ಹೇಳಿ. ಈಗ ತಿಳಿಯುತ್ತೆ ನಂಗೆ."

ಅವನು ಅವಳನ್ನೇ ನೋಡಿದ. ತುಟಿ ನಿಧಾನವಾಗಿ ಆಡಿತು. ಅವಳಿಗೆ ತಿಳಿಯಿತು, ಆದರೆ ನಂಬಲಾಗಲಿಲ್ಲ.

"ಏನು?"

ಮತ್ತೆ ಅದೇ. ಮರೆತುಹೋಯ್ತು.

"ಮರೆತುಹೋಯ್ತಾ? ನಿಜವಾಗ್ಲೂ?"

ಅವನು ಹೌದೆಂದು ತಲೆಯಾಡಿಸಿದ. ಆಪರೇಷನ್ನಿನ ಮತ್ತಿನಲ್ಲಿ ಎಲ್ಲೋ ಬಿದ್ದುಹೋಯಿತು ಅಂದ. ಅವಳಿಗೆ ದುಃಖ ಒತ್ತರಿಸಿ ಬಂತು. ಇಷ್ಟು ದಿನ ಎದೆಯ ಮೇಲೆ ಹೊತ್ತು ತಿರುಗಿದ ಆ ಒಂದು ಮಾತು ಲೋಕದಲ್ಲಿ ಯಾರ ಹತ್ತಿರವೂ ಇಲ್ಲ. ಹೇಳಬೇಕಾದವನ ಹತ್ತಿರವೇ ಇಲ್ಲ. ಮುಖ ಮುಚ್ಚಿಕೊಂಡು ಅತ್ತಳು. ಅವನು ಅವಳ ಕೈ ಸರಿಸಿದ. ಮುಖ ಮುಚ್ಚಿಕೊಂಡರೆ ಅವನು ಮಾತಾಡುವುದು ಹೇಗೆ?

"ಬೇರೆ ಹೇಳ್ತೀನಿ" ಅಂದ ತುಟಿಯಲ್ಲಿ.

ಹಾಗೆ ಆ ಕಥೆ ಶುರುವಾಯಿತು. ಒಬ್ಬನಿಗೆ ದೇವರನ್ನು ನೋಡಬೇಕು ಅನ್ನಿಸಿತಂತೆ. ಬೆಟ್ಟ ಹತ್ತಿ ಹೋಗಿ ದೇವರ ಮನೆಯ ಬಾಗಿಲು ತಟ್ಟಿದನಂತೆ. ಅಂಗಳ ಗುಡಿಸುತ್ತಿದ್ದವಳು, "ಅಯ್ಯೋ, ಈಗ ತಾನೇ ಹೊರಟರಲ್ಲ! ನಿನ್ನನ್ನೇ ನೋಡಬೇಕು ಅಂತ ನಿನ್ನ ಮನೆಗೇ ಹೋದರು" ಅಂದಳಂತೆ. ಇವನು ಬಿದ್ದಂಬೀಳ ಓಡಿ ಮನೆಗೆ ಬಂದರೆ ಹೆಂಡತಿ, "ಬಂದಿದ್ದರು, ನೀರು ಕುಡಿದರು, ನೀವು ಇಲ್ಲ ಅಂದಮೇಲೆ ನಿಮ್ಮನ್ನು ಹುಡುಕಿಕೊಂಡು ಹೋದರು" ಅಂದಳಂತೆ. ಮತ್ತೆ ಇವನು ಬೆಟ್ಟಕ್ಕೆ, ಅಷ್ಟರಲ್ಲಿ ದೇವರು ಮತ್ತೆ ಇವನ ಮನೆಗೆ. ಇವನು ಸೇತುವೆಯ ಮೇಲೆ ಓಡುವಾಗ ದೇವರು ಕೆಳಗೆ ದೋಣಿಯಲ್ಲಿ ದಾಟುತ್ತಿದ್ದನಂತೆ. ಇವನು ಮರದ ಕೆಳಗೆ ಸುಸ್ತಾಗಿ ಮಲಗಿದಾಗ ದೇವರು ಅದೇ ಮರ ದಾಟಿ ಹೋದನಂತೆ, ಯಾರೋ ಪಾಪ ದಣಿದಿದ್ದಾನೆ, ಎಬ್ಬಿಸುವುದು ಬೇಡ ಅಂತ.

ಅವಳಿಗೆ ಎಲ್ಲವೂ ತಿಳಿಯುತ್ತಿತ್ತು ಅಂತಲ್ಲ. ತಿಳಿಯದ ಕಡೆ ಸುಮ್ಮನೆ "ಹೂಂ" ಅನ್ನುತ್ತಿದ್ದಳು. ಒಮ್ಮೆ ಹಾಗೆ ಹೂಂಗುಟ್ಟಿದಾಗ ಅವನು ಕಥೆ ನಿಲ್ಲಿಸಿ, ಕಣ್ಣು ಕಿರಿದು ಮಾಡಿ, ಒಂದೇ ಮಾತು ಅಂದ. ಅದು ಮಾತ್ರ ಅವಳಿಗೆ ಥಟ್ಟನೆ ತಿಳಿಯಿತು: ಸುಳ್ಳಿ.

"ಹೌದು, ತಿಳೀಲಿಲ್ಲ. ಮತ್ತೆ ಹೇಳಿ" ಅಂದಳು. ಇಬ್ಬರೂ ನಕ್ಕರು, ಒಬ್ಬರದು ಸದ್ದಿನ ನಗು, ಇನ್ನೊಬ್ಬರದು ಬರಿಯ ಉಸಿರು.

ಕಥೆ ದಿನಕ್ಕೊಂದಿಷ್ಟು ಬೆಳೆಯುತ್ತಿತ್ತು. ಅವನಿಗೆ ಬೇಗ ಆಯಾಸವಾಗುತ್ತಿತ್ತು. ಮಾತಿನ ನಡುವೆಯೇ ಕಣ್ಣು ಮುಚ್ಚುತ್ತಿದ್ದ. ಒಂದು ಮಧ್ಯಾಹ್ನ ಆ ಮನುಷ್ಯನೂ ದೇವರೂ ಒಂದೇ ದಾರಿಯ ಎರಡು ತುದಿಗೆ ಬಂದು ನಿಂತಿದ್ದರು. ನಡುವೆ ಒಂದು ತಿರುವು. ಅಲ್ಲಿಗೆ ಅವನು ನಿದ್ದೆಹೋದ. ಎಚ್ಚರವಾದ ಮೇಲೆ ಮುಂದಿನದು ಕೇಳಿದರಾಯಿತು ಅಂತ ಅವಳು ಎದ್ದು ಹೋಗಲಿಲ್ಲ. ಅಲ್ಲೇ ಕೂತಿದ್ದಳು. ಹೊರಗೆ ಮಗ್ಗಗಳು ಶುರುವಾದವು. ಆದರೂ ಕೂತಿದ್ದಳು. ಅವನಿಗೆ ಎಚ್ಚರವಾಗಲಿಲ್ಲ. ಬೆಳಕು ಇಳಿಯುವ ಮೊದಲೇ ಕತ್ತಿನ ಮೇಲಿನ ತೆಳು ಬಟ್ಟೆ ಏರಿಳಿಯುವುದನ್ನು ನಿಲ್ಲಿಸಿತು. ನೋಡುತ್ತಲೇ ಇದ್ದ ಅವಳಿಗೆ ಅದು ನಿಂತ ಗಳಿಗೆ ತಿಳಿಯಿತು. ಅಷ್ಟನ್ನು ಅವಳಿಗೆ ಕೊಟ್ಟಿದ್ದಕ್ಕೆ ದೇವರಿಗೆ ಕೈ ಮುಗಿಯಬೇಕೋ ಬೇಡವೋ ತಿಳಿಯದೆ, ಮುಗಿದಳು.

ಕೆಲವು ವಾರಗಳಾದ ಮೇಲೆ ಮಗ್ಗಗಳು ಮತ್ತೆ ಓಡಿದವು. ಓಡಲೇಬೇಕಲ್ಲ. ಮಧ್ಯಾಹ್ನದ ಆ ಒಂದು ಗಂಟೆ ಮಾತ್ರ ಹಾಗೇ ಉಳಿಯಿತು. ಅವಳು ಆ ಹೊತ್ತಿನಲ್ಲಿ ಎಲ್ಲಿ ಕೂರಬೇಕೆಂದು ತಿಳಿಯದೆ ಮನೆಗೂ ಮಗ್ಗಕ್ಕೂ ನಡುವಿನ ಬಾಗಿಲಲ್ಲಿ ನಿಂತಿರುತ್ತಿದ್ದಳು. ಹಾಗೆ ನಿಂತಿದ್ದ ಒಂದು ದಿನ ಅವಳಿಗೆ ಹೊಳೆಯಿತು. ಮೂಲೆಗೆ ಹೋಗಿ ಅಜ್ಜಿಯ ಎದುರು ಕೂತಳು. ಅಜ್ಜಿಗೆ ಕಾಣುವಂತೆ ಬಾಯಿ ಬಿಡಿಸಿ ಕೇಳಿದಳು.

"ಅಜ್ಜಿ, ದೇವರನ್ನ ಹುಡುಕ್ಕೊಂಡು ಹೋದವನ ಕಥೆ. ನಿಂಗೂ ಹೇಳಿದ್ರಾ?"

"ಓ, ಹೇಳಿದ್ದ. ಇವನು ಅಲ್ಲಿಗೆ, ಅವನು ಇಲ್ಲಿಗೆ. ನಕ್ಕು ನಕ್ಕು ಸಾಕಾಯ್ತು ನಂಗೆ."

"ಕೊನೆಗೆ ಏನಾಯ್ತು? ಆ ತಿರುವಲ್ಲಿ ಇಬ್ಬರೂ ಸಿಕ್ಕಿದ್ರಾ?"

ಅಜ್ಜಿಯ ಕೈ ಕಂಡಿಕೆಯ ಮೇಲೆ ನಿಂತಿತು.

"ನಿನ್ನ ಹತ್ರ ಸುಳ್ಳು ಯಾಕೆ ಹೇಳ್ಲಿ ತಾಯಿ. ಸರಿಯಾಗಿ ಅಲ್ಲಿಗೆ ಬರೋ ಹೊತ್ತಿಗೆ ನನ್ನ ಎಳೆ ಕಿತ್ಹೋಯ್ತು. ಕಟ್ಟೋಣ ಅಂತ ತಲೆ ಬಗ್ಸಿದೆ. ಒಂದೇ ಒಂದು ಗಂಟು. ತಲೆ ಎತ್ತೋ ಹೊತ್ತಿಗೆ ಕಥೆ ಮುಗ್ದಿತ್ತು."

"ಮತ್ತೆ ಕೇಳ್ಲಿಲ್ವಾ?"

"ನಾಚ್ಕೆ ಆಯ್ತು. ಇಷ್ಟು ಹೊತ್ತು ಹೇಳಿದ್ದಾನೆ, ಕೊನೇದು ತಪ್ಪಿಸ್ಕೊಂಡೆ ಅಂತ ಹೇಗನ್ನೋದು? ಸುಮ್ನೆ ನಕ್ಕುಬಿಟ್ಟೆ."

ಯಜಮಾನಿ ನೆಲ ನೋಡುತ್ತಾ ಕೂತಳು. ಅಜ್ಜಿ ಅವಳ ಗದ್ದ ಹಿಡಿದು ಮುಖ ಮೇಲೆತ್ತಿದಳು, ತನ್ನ ಕಡೆ ತಿರುಗಿಸಿಕೊಂಡಳು.

"ಆದ್ರೆ ನಾನು ತಲೆ ಎತ್ತಿದಾಗ ಅವನ ಮುಖ ನೋಡ್ದೆ" ಅಂದಳು. "ಅವನೂ ನಗ್ತಾ ಇದ್ದ. ಸಿಕ್ಕಿರ್ಬೇಕು."